ಸವಳು ನೀರು: ಬೋರಿನದು ಬೇರೆ, ಅಳಿವೆಯದು ಬೇರೆ

ಕಲಬುರಗಿಯಲ್ಲಿ ‘ಸವಳು ನೀರು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಉಪ್ಪೇರಿ ಕೆಟ್ಟ ಹೊಲಕ್ಕೂ ಇದೇ ಮಾತು; ಯಾದಗಿರಿಯ ಕಾಲುವೆ ಸೀಮೆಯಲ್ಲಿ ‘ಸವಳು-ಜವಳು’ ಎಂದು ಜೋಡಿಸಿಯೇ ಹೇಳುತ್ತಾರೆ. ಅಕ್ವೇರಿಯಂ ಇಡುವವರ ಬಾಯಲ್ಲಿ ಅದೇ ಪದಕ್ಕೆ ಬೇರೆ ಅರ್ಥವಿದೆ. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಒಂದು ಮೀನು ಸತ್ತದ್ದನ್ನು ನಾನು ಕಂಡಿದ್ದೇನೆ.

ಪಕ್ಕದ ಮನೆಯ ಹುಡುಗ ಹಸಿರು ಮೈಯ, ಕಪ್ಪು ಚುಕ್ಕೆಯ, ಹೆದರಿದಾಗ ಉಬ್ಬಿಕೊಳ್ಳುವ ಪಫರ್ ಮೀನು ತಂದಿದ್ದ. “ಇದಕ್ಕೆ ಸವಳು ನೀರು ಬೇಕಂತೆ ಅಣ್ಣ, ನಮ್ಮ ಬೋರ್ ನೀರೇ ಸಾಕಲ್ಲ” ಎಂದು ಹಿಗ್ಗಿದ. ಕೆಲವು ತಿಂಗಳು ಮೀನು ಲವಲವಿಕೆಯಿಂದಲೇ ಇತ್ತು. ಆಮೇಲೆ ಹೊಟ್ಟೆಯ ಬಿಳುಪು ಕಪ್ಪಿಟ್ಟಿತು, ತಿನ್ನುವುದನ್ನು ಬಿಟ್ಟು ಮೂಲೆ ಹಿಡಿಯಿತು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಸಿಹಿನೀರಿನಲ್ಲಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಇವೆರಡರ ನಡುವಿನದೇ ಮೀನಿನವರ ಸವಳು ನೀರು. ಕುಮಟಾ ಬಳಿ ಅಘನಾಶಿನಿ ಕಡಲು ಸೇರುವಂಥ ಅಳಿವೆಗಳಲ್ಲಿ ಅದು ಹುಟ್ಟುತ್ತದೆ. ಭರತ ಏರಿದಾಗ ಉಪ್ಪು ಹೆಚ್ಚು, ಇಳಿದಾಗ ಕಡಿಮೆ. ನಮ್ಮ ಬೋರ್ ನೀರಿನ ಕಥೆಯೇ ಬೇರೆ. ಶಹಾಬಾದ್ ಫರಸಿ ಯಾವ ಸುಣ್ಣದ ಕಲ್ಲಿನಿಂದ ಬರುತ್ತದೋ ಅಂಥ ಕಲ್ಲಿನ ಪದರಗಳಲ್ಲಿ ಇಳಿದು ಬಂದ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡುಸಾಗುತ್ತದೆ. ಗಡಸುತನ ಉಪ್ಪಲ್ಲ.

ಮೀನಿಗೆ ಈ ವ್ಯತ್ಯಾಸ ಯಾಕೆ ಮುಖ್ಯ? ಮೀನಿನ ರಕ್ತದಲ್ಲಿ ಸಮುದ್ರದ ಸುಮಾರು ಮೂರನೇ ಒಂದು ಪಾಲು ಉಪ್ಪಿರುತ್ತದೆ. ಸಿಹಿನೀರಿನಲ್ಲಿದ್ದಾಗ ಕಿವಿರುಗಳ ಮೂಲಕ ನೀರು ಮೈಯೊಳಕ್ಕೆ ನುಗ್ಗುತ್ತಲೇ ಇರುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರಬೇಕು. ಅಳಿವೆಯ ಪಫರ್ ಈ ದುಡಿಮೆಯನ್ನು ಕೆಲಕಾಲ ತಾಳಿಕೊಳ್ಳುತ್ತದೆ, ವರ್ಷಗಟ್ಟಲೆ ಅಲ್ಲ. ಅಂಗಡಿಯ ಸಿಹಿನೀರಿನ ತೊಟ್ಟಿಯಲ್ಲಿ ಅದು ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ.

ಹಾಗೆಂದು ಅಡುಗೆ ಉಪ್ಪನ್ನು ಸುರಿಯಬೇಡಿ. ಅದು ಬರಿಯ ಸೋಡಿಯಂ ಕ್ಲೋರೈಡ್. ಸಮುದ್ರ ಅಕ್ವೇರಿಯಂಗೆಂದೇ ಮಾರುವ ಉಪ್ಪಿನ ಮಿಶ್ರಣವೇ ಬೇಕು. ಚಮಚದ ಲೆಕ್ಕವೂ ಸಾಲದು, ನೀರಿನ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಇಟ್ಟು ಅಳೆಯಬೇಕು. ಸಿಹಿನೀರಿನ ಸಾಂದ್ರತೆಯನ್ನು 1.000 ಎಂದರೆ ಸಮುದ್ರದ್ದು ಸುಮಾರು 1.025. ಬೆನ್ನ ಮೇಲೆ ಎಂಟರ ಆಕಾರದ ಗೆರೆಯಿರುವ ಪಫರಿಗೆ 1.005ರ ಆಸುಪಾಸು ಸಾಕು. ಬೆಳೆದ ಹಸಿರು ಚುಕ್ಕೆಯದಕ್ಕೆ 1.010ಕ್ಕಿಂತ ಮೇಲೆ ಬೇಕು. ಉಪ್ಪನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿಯೇ ಏರಿಸಬೇಕು, ಇಲ್ಲದಿದ್ದರೆ ಮೀನಿನ ಹೊಲಸನ್ನು ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತದೆ. ನಮ್ಮ ಗಡಸು ನೀರು ಇಲ್ಲಿ ಶತ್ರುವೇನೂ ಅಲ್ಲ. ಪಫರಿಗೆ ಗಡಸು ಹಿತವೇ. ಕೊರತೆ ಉಪ್ಪಿನದು ಮಾತ್ರ.

ನಮ್ಮ ಬೇಸಿಗೆಯ ಬಗ್ಗೆ ಒಂದು ಮಾತು. ಬಿಸಿಲು 40 ಡಿಗ್ರಿ ದಾಟಿದಾಗ ತೊಟ್ಟಿಯ ನೀರು ಬೇಗ ಆರುತ್ತದೆ, ಉಪ್ಪು ಆರುವುದಿಲ್ಲ. ಕಡಿಮೆಯಾದಷ್ಟನ್ನು ಉಪ್ಪುನೀರಿನಿಂದ ತುಂಬಿದರೆ ಸಾಂದ್ರತೆ ಏರುತ್ತಲೇ ಹೋಗುತ್ತದೆ. ಆರಿದ ನೀರಿಗೆ ಬದಲಾಗಿ ಆರ್‌ಒ ನೀರು (ಯಂತ್ರದಲ್ಲಿ ಸೋಸಿ ಲವಣ ತೆಗೆದದ್ದು) ಹಾಕಿ; ಬೋರ್ ನೀರಾದರೆ ಸುಣ್ಣವೂ ಕೂಡುತ್ತ ಹೋಗುತ್ತದೆ.

ಪಫರಿನ ನಾಲ್ಕು ಹಲ್ಲುಗಳು ಬೆಸೆದು ಗಿಳಿಯ ಕೊಕ್ಕಿನಂತಾಗಿರುತ್ತವೆ, ಜೀವಮಾನವಿಡೀ ಬೆಳೆಯುತ್ತವೆ. ಚಿಪ್ಪಿರುವ ಬಸವನಹುಳು ಸಿಗದಿದ್ದರೆ ಅವು ಬಾಯಿ ತೆರೆಯಲಾಗದಷ್ಟು ಉದ್ದವಾಗಿ ಮೀನು ಹಸಿದು ಸಾಯುತ್ತದೆ. ಉಬ್ಬುವುದು ಅದರ ಭಯ, ಆಟವಲ್ಲ. ನೋಡುವ ಆಸೆಗೆ ಕೆಣಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀರಿನಿಂದ ಮೇಲೆತ್ತಿದಾಗ ಗಾಳಿ ನುಂಗಿಬಿಟ್ಟರೆ ಪ್ರಾಣಕ್ಕೇ ಅಪಾಯ.

ಪಫರ್ ಎಂದು ಮಾರುವ ಎಲ್ಲವೂ ಸವಳಿನವಲ್ಲ. ಪಶ್ಚಿಮ ಘಟ್ಟದ ನದಿಗಳ ಒಂದು ಅಂಗುಲದ ಪುಟ್ಟ ಪಫರ್ ಅಪ್ಪಟ ಸಿಹಿನೀರಿನದು, ಅದಕ್ಕೆ ಉಪ್ಪು ಹಾಕಬಾರದು. ಕೊಳ್ಳುವ ಮೊದಲು ಯಾವ ಜಾತಿಯದೆಂದು ತಿಳಿದುಕೊಳ್ಳಿ.

ಆ ಹುಡುಗ ಈಗ ಎಂಟರ ಗೆರೆಯ ಪಫರ್ ಸಾಕಿದ್ದಾನೆ. ಹೈಡ್ರೋಮೀಟರ್ ತೊಟ್ಟಿಯ ಪಕ್ಕದಲ್ಲೇ ತೂಗುತ್ತಿದೆ. ಸಂಜೆ ಬಸವನಹುಳು ಹಾಕಿದಾಗ ಚಿಪ್ಪು ಒಡೆಯುವ ಕಟಕಟ ಸದ್ದು ಗಾಜಿನಾಚೆಗೂ ಕೇಳುತ್ತದೆ.