ಗಾಳಿಯ ಏರಿಳಿತಕ್ಕೆ ನೀರಿನ ಲಗಾಮು

ಭಾರತದಲ್ಲಿ ಗಾಳಿಯೂ ನೀರೂ ಒಂದೇ ಹೊತ್ತಿಗೆ ಬರುತ್ತವೆ. ಪವನ ವಿದ್ಯುತ್ತಿನ ಬಹುಪಾಲು ಹುಟ್ಟುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜಲಾಶಯಗಳು ತುಂಬುವುದೂ ಆಗಲೇ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಳಿ ಬೀಸುವಾಗ ನೀರನ್ನು ತಡೆದಿಟ್ಟು ಸಂಜೆಯ ಬೇಡಿಕೆಗೂ ಬೇಸಿಗೆಗೂ ಬಿಡಬೇಕು. ಅದಕ್ಕೆ ಜಲಾಶಯದಲ್ಲಿ ಜಾಗ ಬೇಕು, ಹೆಚ್ಚಾದ ವಿದ್ಯುತ್ತನ್ನು ದೂರಕ್ಕೆ ಒಯ್ಯುವ ಲೈನೂ ಬೇಕು.

ಲೈನು ಬಂದದ್ದು ತಡವಾಗಿ. ಐದು ಪ್ರಾದೇಶಿಕ ಜಾಲಗಳಲ್ಲಿ ನಾಲ್ಕು 2006ರ ಹೊತ್ತಿಗೆ ಒಂದಾದವು. ದಕ್ಷಿಣದ್ದು ಅವುಗಳೊಂದಿಗೆ ಒಂದೇ ಫ್ರೀಕ್ವೆನ್ಸಿಗೆ ಬಂದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಅಲ್ಲಿಯವರೆಗೆ ತಮಿಳುನಾಡು, ಕರ್ನಾಟಕಗಳ ಗಾಳಿ ವಿದ್ಯುತ್ತು ಹೊರಗೆ ಹೋಗಲು ಎಚ್‌ವಿಡಿಸಿ (ಹೆಚ್ಚು ವೋಲ್ಟೇಜಿನ ನೇರ ವಿದ್ಯುತ್ತಿನ) ಕೊಂಡಿಗಳ ಮಿತಿಯಿತ್ತು.

ಹಳೆಯ ಗಾಳಿಯಂತ್ರಗಳದ್ದು ಬೇರೆಯೇ ತೊಂದರೆ. ಅವುಗಳ ಇಂಡಕ್ಷನ್ ಜನರೇಟರು ವೋಲ್ಟೇಜನ್ನು ಎತ್ತಿಹಿಡಿಯಲು ಬೇಕಾದ ರಿಯಾಕ್ಟಿವ್ ಪವರನ್ನು ಜಾಲದಿಂದಲೇ ಎಳೆಯುತ್ತದೆ. ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿ ವೋಲ್ಟೇಜು ಕುಸಿದರೆ ಯಂತ್ರಗಳು ಸಾಲುಸಾಲಾಗಿ ಟ್ರಿಪ್ ಆಗಿ, ಜಾಲ ಬಳಲಿದ ಹೊತ್ತಲ್ಲೇ ಉತ್ಪಾದನೆಯೂ ಕೈಕೊಡುತ್ತಿತ್ತು. ವೋಲ್ಟೇಜು ಮಾಮೂಲಿನ 15 ಪ್ರತಿಶತಕ್ಕೆ ಇಳಿದರೂ ಹೊಸ ಯಂತ್ರ 300 ಮಿಲಿಸೆಕೆಂಡು ಕಳಚಿಕೊಳ್ಳದೆ ನಿಲ್ಲಬೇಕೆಂಬ ನಿಯಮ 2013ರಲ್ಲಿ ಬಂತು. ಬರಬೇಕಾದದ್ದು ಇನ್ನೂ ಮೊದಲೇ.

ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗದ ಅಂದಾಜು 10 ಪ್ರತಿಶತ ತಪ್ಪಿದರೆ ವಿದ್ಯುತ್ತಿನ ಅಂದಾಜು ಸುಮಾರು 30 ಪ್ರತಿಶತ ತಪ್ಪಬಹುದು. ಹೀಗೆ ತಪ್ಪಿದ್ದನ್ನು ನಿಮಿಷಗಳಲ್ಲಿ ಸರಿದೂಗಿಸಬಲ್ಲದ್ದು ಜಲಾಶಯದ ಟರ್ಬೈನು. 2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ದೇಶವೆಲ್ಲ ದೀಪ ಆರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವಾಟ್ ಕುಸಿಯಿತು. ಜಲವಿದ್ಯುತ್ ಅರ್ಧ ಗಂಟೆಯೊಳಗೆ 17,000 ಮೆಗಾವಾಟಿಗೂ ಹೆಚ್ಚು ಇಳಿದು ಜಾಲವನ್ನು ಕಾಯಿತು.

ಎಲ್ಲ ಜಲವಿದ್ಯುತ್ತೂ ಹೀಗೆ ಬಗ್ಗುವುದಿಲ್ಲ. ಫ್ರಾನ್ಸಿಸ್ ಮಾದರಿಯ ಟರ್ಬೈನನ್ನು ಅರೆ ಲೋಡಿನಲ್ಲಿ ಓಡಿಸಿದರೆ ನೀರು ಹೊರಹೋಗುವ ಡ್ರಾಫ್ಟ್ ಟ್ಯೂಬಿನಲ್ಲಿ ಸುಳಿ ಎದ್ದು ಯಂತ್ರ ನಡುಗುತ್ತದೆ. ಹಿಮಾಲಯದ ನದಿಗಳಲ್ಲಿ ಮಳೆಗಾಲದ ಹೂಳು ಬ್ಲೇಡುಗಳನ್ನೇ ಸವೆಸುತ್ತದೆ. ಹಿಮಾಚಲದ 1,500 ಮೆಗಾವಾಟಿನ ನಾಥ್ಪಾ ಝಾಕ್ರಿ ಸ್ಥಾವರವನ್ನು ಹೂಳು ಮಿತಿಮೀರಿದಾಗ ನಿಲ್ಲಿಸಲೇಬೇಕು, ಅದೂ ಗಾಳಿಯ ಹಂಗಾಮಿನಲ್ಲೇ.

ಆದ್ದರಿಂದಲೇ ಪಂಪ್ಡ್ ಸ್ಟೋರೇಜಿಗೆ, ಅಂದರೆ ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಬೇಕಾದಾಗ ಇಳಿಸಿ ವಿದ್ಯುತ್ ಪಡೆಯುವ ವ್ಯವಸ್ಥೆಗೆ, ಈಗ ಇಷ್ಟು ಮಹತ್ವ. ತಮಿಳುನಾಡಿನ ಕಡಂಪಾರೈಯಲ್ಲಿ 100 ಮೆಗಾವಾಟಿನ 4 ಘಟಕಗಳಿವೆ. ಅವು ಒಂದೇ ವೇಗದ ಯಂತ್ರಗಳು. ನೀರೆತ್ತುವಾಗ ಪೂರ್ತಿ ಲೋಡು ಎಳೆಯುತ್ತವೆ, ಇಲ್ಲವೇ ಸುಮ್ಮನಿರುತ್ತವೆ. ಗಾಳಿಯ ಸಣ್ಣ ಏರಿಳಿತವನ್ನು ಹಿಂಬಾಲಿಸಲು ಅದು ಸಾಲದು. ಉತ್ತರಾಖಂಡದ ಟೆಹ್ರಿಯ 250 ಮೆಗಾವಾಟಿನ 4 ಘಟಕಗಳಿಗೆ ಬದಲಾಗುವ ವೇಗದ ಯಂತ್ರಗಳನ್ನೇ ಆರಿಸಿದ್ದು ಈ ಕೊರತೆ ನೀಗಿಸಲು: ಅವು ನೀರೆತ್ತುತ್ತಿರುವಾಗಲೂ ಎಳೆಯುವ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಬಲ್ಲವು.