‘ಹೋಗಿದ’ ಅನ್ನದೆ ‘ಹೋದ’ ಅನ್ನುವುದು ಹೇಗೆ?

‘ಕೂಗು’ ಅಂದರೆ ‘ಕೂಗಿದ’, ‘ಬಾಗು’ ಅಂದರೆ ‘ಬಾಗಿದ’. ಆದರೆ ‘ಹೋಗು’ ಮಾತ್ರ ‘ಹೋದ’ ಆಗುತ್ತದೆ. ಮಾತಾಡುವಾಗ ಇದಕ್ಕೆ ನಾವು ಒಂದು ಕ್ಷಣವೂ ತಡವರಿಸುವುದಿಲ್ಲ. ಇಂಥ ಅಡ್ಡಾದಿಡ್ಡಿ ರೂಪಗಳು ಮಿದುಳಿಗೆ ಎಲ್ಲಿಂದ ಸಿಗುತ್ತವೆ?

1958ರಲ್ಲಿ ಭಾಷಾ ಸಂಶೋಧಕಿ ಜೀನ್ ಬರ್ಕೊ ಅಮೆರಿಕದ ಪುಟ್ಟ ಮಕ್ಕಳಿಗೆ ಸುಮ್ನೆ ಹುಟ್ಟುಹಾಕಿದ ಕ್ರಿಯಾಪದಗಳನ್ನು ಕೊಟ್ಟು ನೋಡಿದರು. ಎಂದೂ ಕೇಳದ ಆ ಪದಗಳಿಗೂ ಮಕ್ಕಳು ಇಂಗ್ಲಿಷಿನಲ್ಲಿ ಭೂತಕಾಲಕ್ಕೆ ಹಚ್ಚುವ ‘ಎಡ್’ ಸೇರಿಸಿ ಹೇಳಿದರು. ‘ವೆಂಟ್’ ಅಂತ ಸರಿಯಾಗಿಯೇ ಹೇಳುತ್ತಿದ್ದ ಮಗು ಮುಂದೊಮ್ಮೆ ‘ಗೋ’ಗೂ ‘ಎಡ್’ ಅಂಟಿಸುವುದುಂಟು. ಅಂದರೆ ತಲೆಯಲ್ಲೊಂದು ನಿಯಮ ಕೂತಿದೆ, ಅಲ್ವಾ? ಮನೋವಿಜ್ಞಾನಿ ಸ್ಟೀವನ್ ಪಿಂಕರ್ ಹೇಳುವುದೂ ಇದನ್ನೇ: ಸಲೀಸಾದ ರೂಪಗಳನ್ನು ನಿಯಮ ಕಟ್ಟಿಕೊಡುತ್ತದೆ, ಉಳಿದವು ಬಾಯಿಪಾಠ. ನೆನಪು ಕೈಕೊಟ್ಟಾಗ ನಿಯಮ ನುಗ್ಗುತ್ತದೆ.

ಆದರೆ 1986ರಲ್ಲಿ ರುಮೆಲ್‌ಹಾರ್ಟ್ ಮತ್ತು ಮೆಕ್ಲೆಲ್ಯಾಂಡ್ ಎಂಬ ಮನೋವಿಜ್ಞಾನಿಗಳು ಮಿದುಳಿನ ನರಕೋಶಗಳ ಮಾದರಿಯಲ್ಲಿ ಕಟ್ಟಿದ ಒಂದು ಕಂಪ್ಯೂಟರ್ ಜಾಲಕ್ಕೆ ಯಾವ ನಿಯಮವನ್ನೂ ಹೇಳಿಕೊಡದೆ, ಬರೀ ಉದಾಹರಣೆ ಉಣಿಸಿ ಎರಡೂ ಬಗೆಯ ರೂಪಗಳನ್ನು ಕಲಿಸಿದರು. ತಲೆಯಲ್ಲಿ ನಿಯಮ ಇದೆಯೋ ಇಲ್ಲವೋ ಅಂತ ಆವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ.

‘ಬರೀ ಬಾಯಿಪಾಠ’ ಅನ್ನುವುದು ನನಗೂ ಪೂರ್ತಿ ಒಪ್ಪಿಗೆಯಿಲ್ಲ. ‘ಝುಡು’ ಅಂತ ಒಂದು ಕ್ರಿಯಾಪದ ಇದೆ ಅಂದುಕೊಳ್ಳಿ. ನಿನ್ನೆ ಅವನು ಏನು ಮಾಡಿದ? ‘ಝುಟ್ಟ’ ಅನ್ನಬೇಕು ಅನಿಸುತ್ತದೆ. ಅದೇ ‘ಝೂಡು’ ಆಗಿದ್ದರೆ? ‘ಝೂಡಿದ’. ಕೊಟ್ಟ, ಬಿಟ್ಟ, ಇಟ್ಟ, ಉಟ್ಟ, ಸುಟ್ಟ ಎಲ್ಲ ಒಂದು ಬಳಗ. ಮೊದಲ ಅಕ್ಷರ ಹ್ರಸ್ವ. ಮಾಡಿದ, ಓಡಿದ, ನೋಡಿದ ಇನ್ನೊಂದು ಬಳಗ, ಅಲ್ಲಿ ದೀರ್ಘ. ಹೊಸ ಪದವನ್ನು ಬಳಗ ತನ್ನ ಕಡೆ ಎಳೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲೂ ‘ಸ್ಪ್ಲಿಂಗ್’ ಎಂಬ ಹುಸಿಪದಕ್ಕೆ ‘ಸ್ಪ್ಲಂಗ್’ ಅನ್ನುವವರಿದ್ದಾರೆ. ಹಾಗಾಗಿ ಪಿಂಕರ್ ಕೂಡ ಈ ನೆನಪು ಹೋಲಿಕೆ ಹಿಡಿದು ಕೆಲಸ ಮಾಡುತ್ತದೆ ಅಂತ ಒಪ್ಪಿದರು.

ರೋಗಿಗಳಿಂದಲೂ ಸುಳಿವು ಸಿಕ್ಕಿದೆ. ಮೈಕೆಲ್ ಉಲ್ಮನ್ ತಂಡ 1997ರಲ್ಲಿ ಕಂಡಂತೆ, ನೆನಪು ಕುಂದುವ ಆಲ್ಝೈಮರ್ಸ್ ರೋಗಿಗಳು ಅಡ್ಡಾದಿಡ್ಡಿ ರೂಪಗಳಲ್ಲಿ ಜಾಸ್ತಿ ಎಡವಿದರು. ಮೈಯ ಚಲನೆ ಕುಂದುವ ಪಾರ್ಕಿನ್ಸನ್ಸ್ ರೋಗಿಗಳಿಗೆ ‘ಎಡ್’ ಸೇರಿಸುವುದೇ ಹೆಚ್ಚು ಕಷ್ಟವಾಯಿತು. ಎರಡು ಕೆಲಸಕ್ಕೆ ಎರಡು ವ್ಯವಸ್ಥೆ ಅನ್ನುವವರಿಗೆ ಇದು ದೊಡ್ಡ ಆಧಾರ. ಒಂದೇ ವ್ಯವಸ್ಥೆ ಸಾಕು ಅನ್ನುವ ಎದುರಾಳಿಗಳೂ ಸುಮ್ಮನಿರಲಿಲ್ಲ. ಒಂದೇ ಕಂಪ್ಯೂಟರ್ ಜಾಲದಲ್ಲಿ ಅರ್ಥದ ಭಾಗಕ್ಕೋ ಧ್ವನಿಯ ಭಾಗಕ್ಕೋ ಪೆಟ್ಟು ಕೊಟ್ಟು, ಇಂಥದ್ದೇ ತಪ್ಪುಗಳನ್ನು ಬರಿಸಿ ತೋರಿಸಿದರು.

ಬಳಕೆಯ ಪಾತ್ರದ ಬಗ್ಗೆ ಮಾತ್ರ ಅಷ್ಟು ತಕರಾರಿಲ್ಲ. ಹಳೆಯ ಇಂಗ್ಲಿಷಿನ 177 ಅಡ್ಡಾದಿಡ್ಡಿ ಕ್ರಿಯಾಪದಗಳಲ್ಲಿ ಇಂದಿಗೂ ಹಾಗೇ ಇರುವುದು 98 ಅಂತ 2007ರ ಅಧ್ಯಯನವೊಂದು ಲೆಕ್ಕ ಹಾಕಿತು. ಅಪರೂಪಕ್ಕೆ ಬಾಯಿಗೆ ಬರುವವು ಬೇಗ ‘ಎಡ್’ ಸಾಲಿಗೆ ಸೇರಿದವು. ಬಳಕೆ ನೂರು ಪಟ್ಟು ಕಡಿಮೆಯಾದರೆ ಬದಲಾವಣೆ ಹತ್ತು ಪಟ್ಟು ಚುರುಕು. ನಮ್ಮಲ್ಲೂ ನೋಡಿ: ಬಂದ, ಹೋದ, ತಂದ, ತಿಂದ, ಕೊಟ್ಟ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತುಗಳೇ.