ಅನ್ನ ಬಿಟ್ಟರೂ ತೂಕ ಇಳಿಯುತ್ತಿಲ್ಲ, ಇನ್ನೇನು ಬಿಡಬೇಕು?

ಪ್ರಶ್ನೆ: ಮೂರು ತಿಂಗಳಲ್ಲಿ 6 ಕಿಲೋ ಇಳಿಸಿದೆ. ಈಗ ಐದು ವಾರಗಳಿಂದ ತೂಕ ಅಲ್ಲಾಡುತ್ತಿಲ್ಲ. ರಾತ್ರಿ ಅನ್ನ ಬಿಟ್ಟು ಚಪಾತಿಯನ್ನೇ ತಿನ್ನುತ್ತಿದ್ದೇನೆ. ಇನ್ನೇನು ಬಿಡಬೇಕು?

ಏನನ್ನೂ ಬಿಡಬೇಡಿ. ಮೊದಲು ಅಳೆಯಿರಿ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ತೂಕ ನಿಲ್ಲುವುದು ಸಹಜ. ಮೊದಲ ವಾರಗಳಲ್ಲಿ ಸರಸರನೆ ಇಳಿದದ್ದರಲ್ಲಿ ನೀರಿನ ಪಾಲು ದೊಡ್ಡದು. ದೇಹ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆ ಸುಮಾರು 3 ಗ್ರಾಂ ನೀರೂ ಇರುತ್ತದೆ; ಊಟ ಕಡಿಮೆಯಾಗಿ ಅದು ಖರ್ಚಾದಾಗ ಆ ನೀರೂ ಹೋಗುತ್ತದೆ. ಆಮೇಲೆ ಹಗುರಾದ ಮೈಗೆ ಕಡಿಮೆ ಶಕ್ತಿ ಸಾಕು. ಅಂದು ಕಡಿಮೆಯಾಗಿದ್ದ ಊಟವೇ ಇಂದು ಸರಿಸಮವಾಗಿದೆ.

ಇನ್ನು ಚಪಾತಿಯ ವಿಷಯ. ಅನ್ನ ದಪ್ಪ ಮಾಡುತ್ತದೆ, ಚಪಾತಿ ತೆಳ್ಳಗೆ ಮಾಡುತ್ತದೆ ಎಂಬ ಮಾತು ಮನೆಮನೆಯಲ್ಲೂ ಬೇರೂರಿದೆ. 100 ಗ್ರಾಂ ಅಕ್ಕಿ, ಗೋಧಿ ಹಿಟ್ಟು, ರಾಗಿ, ಯಾವುದನ್ನೇ ತೆಗೆದುಕೊಳ್ಳಿ, 320ರಿಂದ 360 ಕ್ಯಾಲರಿಯ ಆಸುಪಾಸಿನಲ್ಲೇ ಇರುತ್ತವೆ. ಗೋಧಿ ಹಿಟ್ಟಿನಲ್ಲಿ ನಾರು ಹೆಚ್ಚು, ಅದನ್ನು ಒಪ್ಪುತ್ತೇನೆ. ಆದರೆ ನಾರು ಕ್ಯಾಲರಿಯನ್ನು ಅಳಿಸಿಹಾಕುವುದಿಲ್ಲ.

ಇದೇ ಪ್ರಶ್ನೆ ಹೊತ್ತು ಬಂದ ಗೃಹಿಣಿಯೊಬ್ಬರಿಗೆ ಮನೆಯ ಕಣಕದ ಉಂಡೆಯನ್ನು ತೂಗಿ ನೋಡಿ ಎಂದೆ. ಒಂದು ಉಂಡೆ ನೀರೂ ಸೇರಿ 60 ಗ್ರಾಂ ಇತ್ತು, ಎಂದರೆ ಹಿಟ್ಟಿನಿಂದಲೇ ಸುಮಾರು 125 ಕ್ಯಾಲರಿ. ಬೇಯಿಸುವಾಗ ಎರಡೂ ಬದಿಗೆ ಸವರುವ ಎಣ್ಣೆ ಒಂದು ಟೀ ಚಮಚ, ಅದು 40. ಅಂಥವು ಮೂರು ಸೇರಿದರೆ 500ರ ಹತ್ತಿರ. ಅವರು ಹೆದರಿ ಬಿಟ್ಟಿದ್ದ 150 ಗ್ರಾಂ ಅನ್ನದಲ್ಲಿ 200 ಕೂಡ ಇರಲಿಲ್ಲ! ಅವರು ಎರಡು ತಿಂಗಳು ಅನ್ನಕ್ಕಾಗಿ ಹಂಬಲಿಸಿದ್ದರು. ಇಂಥವರನ್ನು ಕಂಡಾಗ ನನಗೆ ಈ ನಂಬಿಕೆಯ ಮೇಲೆ ನಿಜಕ್ಕೂ ಸಿಟ್ಟು ಬರುತ್ತದೆ.

ಆದ್ದರಿಂದ ಒಂದು ವಾರ ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ಸಂಜೆಯ ಕಾಫಿಯ ಸಕ್ಕರೆಯನ್ನೂ, ಜೊತೆಗಿನ ಹಿಡಿ ಖಾರವನ್ನೂ ಬರೆದಿಡಿ. ತಟ್ಟೆಯಲ್ಲಿ ಅನ್ನವೋ ಚಪಾತಿಯೋ ನಿಮ್ಮಿಷ್ಟ. ಅದರ ಪ್ರಮಾಣ ಇಳಿಸಿ, ಕಾಳಿನ ಪಲ್ಯ, ಮೊಸರು, ಮೊಟ್ಟೆ ಹೆಚ್ಚಿಸಿ. ನಡಿಗೆಗೆ ಇಪ್ಪತ್ತು ನಿಮಿಷ ಸೇರಿಸಿ. ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಊಟ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಈ ಐದು ವಾರಗಳಲ್ಲಿ ಸೊಂಟ ಅಳೆದಿದ್ದೀರಾ? ತೂಕ ನಿಂತಾಗಲೂ ಸೊಂಟ ಇಳಿಯುವುದುಂಟು. ನಮ್ಮ ದೇಶದವರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬಟ್ಟೆ ಸರಿಸಿ, ಉಸಿರು ಬಿಟ್ಟ ಮೇಲೆ ಟೇಪು ಹಿಡಿಯಿರಿ. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಡಿ.